ಅರ್ಜಿ ಕಳಿಸಿದ ಮೇಲಿನ ಆರು ತಿಂಗಳು



ಇದು ಮೇ ತಿಂಗಳು. ಹೊರದೇಶಕ್ಕೆ ಓದಲು ಅರ್ಜಿ ಹಾಕಿದ ಮಕ್ಕಳಿರುವ ಮನೆಗಳಲ್ಲಿ ಈಗ ಒಂದು ಬಗೆಯ ಮೌನ ಇರುತ್ತದೆ. ಮಗನೋ ಮಗಳೋ ಗಳಿಗೆಗೊಮ್ಮೆ ಮೊಬೈಲ್ ನೋಡುತ್ತಾರೆ. ಅಪ್ಪ ಕೇಳಬೇಕೆಂದುಕೊಂಡು ಸುಮ್ಮನಾಗುತ್ತಾರೆ. ಅಮ್ಮ ತಡೆಯಲಾರದೆ ಊಟದ ಹೊತ್ತಿಗೆ ಕೇಳಿಯೇಬಿಡುತ್ತಾರೆ: "ಏನಾದ್ರೂ ಬಂತಾ?" "ಇನ್ನೂ ಇಲ್ಲಮ್ಮ" ಅನ್ನುತ್ತಾರೆ ಮಕ್ಕಳು. ಅಲ್ಲಿಗೆ ಮಾತು ಮುಗಿಯುತ್ತದೆ.

ನಾನು ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ಪಾಠ ಹೇಳುವವಳು. ಹೀಗೆ ಕಾಯುವ ಮಕ್ಕಳನ್ನು ಪ್ರತಿ ವರ್ಷ ಹತ್ತಿರದಿಂದ ನೋಡುತ್ತೇನೆ. ಅರ್ಜಿ ಹಾಕುವುದು ಹೇಗೆ ಎಂದು ಹೇಳಿಕೊಡುವವರು ಬೇಕಾದಷ್ಟು ಜನ ಇದ್ದಾರೆ. ಹಾಕಿದ ಮೇಲೆ ಏನು ಮಾಡಬೇಕು ಎಂಬುದನ್ನು ಕೂತು ಹೇಳುವವರು ಕಡಿಮೆ. ಇವತ್ತು ಅದನ್ನೇ ಮಾತಾಡೋಣ.

ಎಲ್ಲ ದೇಶಗಳ ಮಾತನ್ನು ಒಟ್ಟಿಗೆ ಆಡಿದರೆ ಯಾರಿಗೂ ಪ್ರಯೋಜನವಾಗುವುದಿಲ್ಲ. ಒಂದೇ ದೇಶ ಹಿಡಿಯುತ್ತೇನೆ: ಜರ್ಮನಿ. ಅಲ್ಲಿ ಓದುತ್ತಿರುವ ವಿದೇಶಿ ವಿದ್ಯಾರ್ಥಿಗಳಲ್ಲಿ ಈಗ ಭಾರತೀಯರದೇ ದೊಡ್ಡ ಗುಂಪು. ಸುಮಾರು 60 ಸಾವಿರ ಮಂದಿ. ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಹೆಚ್ಚಿನ ಕಡೆ ಬೋಧನಾ ಶುಲ್ಕ ಇಲ್ಲ. ಆದ್ದರಿಂದಲೇ ನಮ್ಮ ಮಧ್ಯಮ ವರ್ಗದ ಮನೆಗಳು, ರೈತರ ಮನೆಗಳು ಆ ಕಡೆ ನೋಡುತ್ತಿವೆ. ಅಲ್ಲಿನ ಚಳಿಗಾಲದ ಸೆಮಿಸ್ಟರ್ ಅಕ್ಟೋಬರ್ ಒಂದಕ್ಕೆ ಶುರು. ಈ ವಸಂತದಲ್ಲಿ ಎಂ.ಎಸ್‌ಸಿ.ಗೆ ಅರ್ಜಿ ಕಳಿಸಿದವರು, ಜುಲೈ 15ರ ಗಡುವಿಗೆ ಕಳಿಸಲಿರುವವರು ಅದನ್ನೇ ಎದುರು ನೋಡುತ್ತಿರುತ್ತೀರಿ.

ನಾನು ಹೇಳಬೇಕಾದ್ದು ಮುಖ್ಯವಾಗಿ ಇಷ್ಟು. ಉತ್ತರ ಬರುವ ತನಕ ಸುಮ್ಮನೆ ಕೂರಬೇಡಿ. ಉತ್ತರ ಬಂದ ಮೇಲೆ ಮಾಡೋಣ ಎಂದು ಇಟ್ಟುಕೊಂಡ ಕೆಲಸಗಳಲ್ಲಿ ಅರ್ಧದಷ್ಟನ್ನು ಈಗಲೇ ಮುಗಿಸಬಹುದು. ಈಗ ಮುಗಿಸದಿದ್ದರೆ ಆಗಸ್ಟ್‌ನಲ್ಲಿ ಮುಗಿಯುವುದಿಲ್ಲ.

ಮೊದಲು ಇಮೇಲ್ ವಿಷಯ. ಚಿಕ್ಕದೆಂದು ಕಾಣುತ್ತದೆ, ಚಿಕ್ಕದಲ್ಲ.

ನಿಮ್ಮ ಅರ್ಜಿಯಲ್ಲಿ ಯಾರ ಇಮೇಲ್ ವಿಳಾಸ ಇದೆ? ಏಜೆಂಟರ ಮೂಲಕ ಹಾಕಿದ್ದರೆ ಇದನ್ನು ಇವತ್ತೇ ವಿಚಾರಿಸಿ. ಕೆಲವು ಏಜೆಂಟರು ವಿದ್ಯಾರ್ಥಿಯ ಹೆಸರಲ್ಲಿ ತಾವೇ ಒಂದು ಖಾತೆ ತೆರೆಯುತ್ತಾರೆ. ಪಾಸ್‌ವರ್ಡ್ ಅವರ ಹತ್ತಿರವೇ ಉಳಿಯುತ್ತದೆ. ವಿಶ್ವವಿದ್ಯಾಲಯ 'ಈ ಒಂದು ಕಾಗದ ಸಾಲದು, ಹತ್ತು ದಿನದೊಳಗೆ ಕಳಿಸಿ' ಎಂದು ಬರೆದಿರುತ್ತದೆ. ಅದು ಮನೆಯವರಿಗೆ ಗೊತ್ತೇ ಆಗುವುದಿಲ್ಲ. ಗೊತ್ತಾಗುವ ಹೊತ್ತಿಗೆ ಗಡುವು ದಾಟಿರುತ್ತದೆ. ಅರ್ಜಿ ಮಗುವಿನದು. ಪಾಸ್‌ವರ್ಡೂ ಮಗುವಿನ ಕೈಯಲ್ಲೇ ಇರಬೇಕು. ಕೊಡುವುದಿಲ್ಲ ಎಂದು ಏಜೆಂಟರು ಹೇಳಿದರೆ ಅವರ ಸಹವಾಸ ಅಲ್ಲಿಗೇ ಬಿಡಿ. ಸ್ಪ್ಯಾಮ್ ಎಂಬ ಪೆಟ್ಟಿಗೆಯನ್ನೂ ದಿನಕ್ಕೊಮ್ಮೆ ತೆರೆದು ನೋಡಿ.

ಹಲವು ವಿಶ್ವವಿದ್ಯಾಲಯಗಳು ಅರ್ಜಿಯನ್ನು ನೇರವಾಗಿ ತೆಗೆದುಕೊಳ್ಳುವುದಿಲ್ಲ. ಬರ್ಲಿನ್‌ನಲ್ಲಿ 'ಊನಿ ಅಸಿಸ್ಟ್' ಎಂಬ ಸಂಸ್ಥೆ ಇದೆ. ಅದು ಮೊದಲು ಕಾಗದಗಳನ್ನು ಪರಿಶೀಲಿಸುತ್ತದೆ. ನಮ್ಮ ಅಂಕಗಳನ್ನು ಅವರ ಲೆಕ್ಕಕ್ಕೆ ತಿರುಗಿಸುತ್ತದೆ. ಈ ಲೆಕ್ಕ ನೋಡಿ ಗಾಬರಿಯಾಗುವ ತಂದೆ ತಾಯಿ ಎಷ್ಟೋ ಜನ. ಅಲ್ಲಿ ಒಂದು ಎಂದರೆ ಅತ್ಯುತ್ತಮ. ನಾಲ್ಕು ಎಂದರೆ ಬರೀ ಪಾಸು. ಇಲ್ಲಿ ಹತ್ತಕ್ಕೆ ಎಂಟು ತೆಗೆದ ಹುಡುಗಿಗೆ ಅಲ್ಲಿ ಎರಡು ಎಂದು ಬಂದರೆ ಅದು ಒಳ್ಳೆಯ ಅಂಕ. ಮಗಳನ್ನು ಬಯ್ಯಬೇಡಿ.

ಸರಿ. ಇಮೇಲ್ ನಮ್ಮ ಕೈಯಲ್ಲಿದೆ, ಅಂಕದ ಲೆಕ್ಕ ಅರ್ಥವಾಯಿತು. ಈಗ ಪತ್ರ ಬಂತು ಎಂದುಕೊಳ್ಳೋಣ. ಅದನ್ನು ಓದುವುದು ಹೇಗೆ?

ಸಾಮಾನ್ಯವಾಗಿ ನಾವು 'ನಿಮಗೆ ಪ್ರವೇಶ ನೀಡಲಾಗಿದೆ' ಎಂಬ ಮೊದಲ ಸಾಲು ಓದಿ ಸಿಹಿ ಹಂಚಲು ಹೋಗುತ್ತೇವೆ. ಹಂಚಿ, ಸಂತೋಷ. ಆದರೆ ಸಂಜೆ ಮನೆಯವರೆಲ್ಲ ಕೂತು ಆ ಪತ್ರವನ್ನು ಪೂರ್ತಿ ಓದಿ. ಮುಖ್ಯವಾಗಿ ಅದರಲ್ಲಿ ಒಂದು ತಾರೀಖು ಇರುತ್ತದೆ. ಆ ದಿನದೊಳಗೆ 'ಬರುತ್ತೇನೆ' ಎಂದು ತಿಳಿಸಬೇಕು. ತಿಳಿಸದಿದ್ದರೆ ಸೀಟು ಇನ್ನೊಬ್ಬರಿಗೆ ಹೋಗುತ್ತದೆ. ಮತ್ತೊಂದು ತಾರೀಖು ಕಾಲೇಜಿಗೆ ಸೇರಿ ಹೆಸರು ನೋಂದಾಯಿಸುವುದಕ್ಕೆ. ಎರಡನ್ನೂ ಗೋಡೆಯ ಕ್ಯಾಲೆಂಡರಿನ ಮೇಲೆ ಕೆಂಪು ಶಾಯಿಯಲ್ಲಿ ಬರೆದುಬಿಡಿ. ಅಪ್ಪ ಅಮ್ಮನಿಗೂ ಕಾಣುವ ಹಾಗಿರಲಿ.

ಕೆಲವು ಪತ್ರಗಳಲ್ಲಿ ಷರತ್ತು ಇರುತ್ತದೆ. ಅಂತಿಮ ಸೆಮಿಸ್ಟರಿನ ಫಲಿತಾಂಶ ತೋರಿಸಬೇಕು, ಪದವಿ ಪ್ರಮಾಣ ಪತ್ರ ತರಬೇಕು, ಹೀಗೆ. ನಮ್ಮಲ್ಲಿ ಫಲಿತಾಂಶ ಬರುವುದು ಜುಲೈ ಆಗಸ್ಟ್. ಬಂದ ಮೇಲೂ ಕಾಗದ ಕೈಗೆ ಸಿಗಲು ಸಮಯ ಬೇಕು. ಆದ್ದರಿಂದ ತಾತ್ಕಾಲಿಕ ಪದವಿ ಪತ್ರಕ್ಕೂ ಟ್ರಾನ್ಸ್‌ಕ್ರಿಪ್ಟಿಗೂ ಏನೇನು ಬೇಕು, ಶುಲ್ಕ ಎಷ್ಟು, ಎಷ್ಟು ದಿನ ಹಿಡಿಯುತ್ತದೆ ಎಂಬುದನ್ನು ನಿಮ್ಮ ಕಾಲೇಜಿನ ಪರೀಕ್ಷಾ ವಿಭಾಗದಲ್ಲಿ ಈಗಲೇ ಕೇಳಿಕೊಳ್ಳಿ. ವಿಟಿಯು ಮಕ್ಕಳು ಬೆಳಗಾವಿಗೆ ಓಡುವ ಮೊದಲು ಯಾವುದು ಆನ್‌ಲೈನಿನಲ್ಲೇ ಆಗುತ್ತದೆ ಎಂದು ನೋಡಿ.

ಪತ್ರದಲ್ಲಿ ಶುಲ್ಕದ ಸಾಲನ್ನೂ ಹುಡುಕಿ. ಜರ್ಮನಿಯಲ್ಲಿ ಓದು ಉಚಿತ ಎಂಬ ಮಾತು ಪೂರ್ತಿ ನಿಜವಲ್ಲ. ಬಾಡೆನ್ ವ್ಯುರ್ಟೆಂಬರ್ಗ್ ರಾಜ್ಯ ಯುರೋಪಿನ ಒಕ್ಕೂಟದ ಹೊರಗಿನವರಿಂದ 2017ರಿಂದ ಸೆಮಿಸ್ಟರಿಗೆ 1,500 ಯೂರೋ ತೆಗೆದುಕೊಳ್ಳುತ್ತಿದೆ. ಶ್ಟುಟ್‌ಗಾರ್ಟ್, ಕಾರ್ಲ್ಸ್‌ರೂ, ಹೈಡೆಲ್‌ಬರ್ಗ್ ಎಲ್ಲ ಅಲ್ಲಿಯೇ ಇವೆ. ನಮಗೆ ಕನ್ನಡ ನಿಘಂಟು ಕಟ್ಟಿಕೊಟ್ಟ ಕಿಟೆಲ್ ಅವರು ಕೊನೆಯ ದಿನಗಳನ್ನು ಕಳೆದ ಟ್ಯೂಬಿಂಗನ್ ಕೂಡ ಅದೇ ರಾಜ್ಯದ ಊರು. ಮ್ಯೂನಿಕ್‌ನ ತಾಂತ್ರಿಕ ವಿಶ್ವವಿದ್ಯಾಲಯ ಹೊಸದಾಗಿ ಸೇರುವ ವಿದೇಶಿಯರಿಗೆ 2024ರಿಂದ ಸೆಮಿಸ್ಟರಿಗೆ 2 ಸಾವಿರದಿಂದ 6 ಸಾವಿರ ಯೂರೋ ಇಟ್ಟಿದೆ. ಇದಲ್ಲದೆ ಎಲ್ಲ ಕಡೆಯೂ ಸೆಮಿಸ್ಟರ್ ವಂತಿಗೆ ಎಂದು ಇರುತ್ತದೆ. ಊರಿಂದೂರಿಗೆ ಬೇರೆ, ನೂರರಿಂದ ನಾನೂರು ಯೂರೋ. ಹಲವು ಕಡೆ ಬಸ್ಸು ರೈಲಿನ ಪಾಸು ಅದರಲ್ಲೇ ಸೇರಿರುತ್ತದೆ.

ಖಾಸಗಿ ಕಾಲೇಜುಗಳ ಲೆಕ್ಕವೇ ಬೇರೆ. ಅಲ್ಲಿ ವರ್ಷಕ್ಕೆ ಹತ್ತು ಲಕ್ಷ ರೂಪಾಯಿ ದಾಟಬಹುದು. ಏಜೆಂಟರು ಸಲೀಸಾಗಿ ಸೀಟು ಕೊಡಿಸುವುದು ಹೆಚ್ಚಾಗಿ ಇಂಥ ಕಡೆಗೇ. ಸರ್ಕಾರದ ಮಾನ್ಯತೆ ಇದೆಯೇ, ತರಗತಿ ನಿಜವಾಗಿ ಕಾಲೇಜಿನಲ್ಲಿ ನಡೆಯುತ್ತದೋ ಅಥವಾ ಕಂಪ್ಯೂಟರಿನ ಮುಂದೆಯೋ, ವಿಚಾರಿಸದೆ ಒಂದು ರೂಪಾಯಿಯನ್ನೂ ಕಳಿಸಬೇಡಿ.

ಹಾಗೆಯೇ 'ಇಲ್ಲ' ಎಂಬ ಪತ್ರವೂ ಬರುತ್ತದೆ. ಅದರ ಬಗ್ಗೆ ಒಂದು ಮಾತು. ಅಲ್ಲಿನ ಒಳ್ಳೆಯ ಕೋರ್ಸುಗಳಿಗೆ ಇರುವುದು ಕೆಲವೇ ಸೀಟು. ಎಷ್ಟೋ ಸಲ ಅಂಕ ಚೆನ್ನಾಗಿದ್ದರೂ ಓದಿದ ವಿಷಯಗಳು ಹೊಂದಲಿಲ್ಲ ಎಂದು ನಿರಾಕರಿಸುತ್ತಾರೆ. ಗಣಿತದ ಇಷ್ಟು ಕ್ರೆಡಿಟ್ ಬೇಕಿತ್ತು, ಇರಲಿಲ್ಲ, ಅಷ್ಟೇ ಕಾರಣ ಇರುತ್ತದೆ. ಏಪ್ರಿಲ್‌ನಲ್ಲಿ ಶುರುವಾಗುವ ಬೇಸಿಗೆ ಸೆಮಿಸ್ಟರಿಗೆ ಕೆಲವು ಕೋರ್ಸುಗಳು ಮತ್ತೆ ತೆರೆಯುತ್ತವೆ. ಆ ಮಗುವಿನ ಮುಂದೆ ಪಕ್ಕದ ಮನೆಯವರ ಮಗನ ಹೆಸರು ಎತ್ತಬೇಡಿ. ಕೈ ಮುಗಿದು ಕೇಳಿಕೊಳ್ಳುತ್ತೇನೆ.

ಇಲ್ಲಿಯವರೆಗೆ ಪತ್ರದ ಮಾತಾಯಿತು. ತಾರೀಖು, ಷರತ್ತು, ಶುಲ್ಕ. ಈಗ ಹೆಸರಿನ ವಿಷಯಕ್ಕೆ ಬರುತ್ತೇನೆ. ಕನ್ನಡ ನಾಡಿನ ಮಕ್ಕಳಿಗೆ ಇದು ವಿಶೇಷವಾಗಿ ಕಾಡುವ ತೊಡಕು.

ನಮ್ಮಲ್ಲಿ ಎಷ್ಟೋ ಜನರಿಗೆ ಮನೆತನದ ಹೆಸರು ಎಂಬುದೇ ಇಲ್ಲ. ಹೆಸರಿನ ಜೊತೆ ಒಂದೋ ಎರಡೋ ಇನಿಶಿಯಲ್. ಒಂದು ಅಕ್ಷರ ಊರಿನದು, ಇನ್ನೊಂದು ಅಪ್ಪನದು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನಿಶಿಯಲ್ ಹಿಂದೆ ಬಂದಿರುತ್ತದೆ. ಪಿಯುಸಿಯಲ್ಲಿ ಮುಂದೆ. ಪಾಸ್‌ಪೋರ್ಟಿನಲ್ಲಿ ಅದೇ ಇನಿಶಿಯಲ್ ಬಿಡಿಸಿ ಊರಿನ ಹೆಸರು, ಅಪ್ಪನ ಹೆಸರು ಪೂರ್ತಿ ಬರೆದಿರುತ್ತಾರೆ. ಆಧಾರ್‌ನಲ್ಲಿ ಮತ್ತೊಂದು ತರಹ. ಊರಿನಲ್ಲಿ ಯಾರೂ ಇದನ್ನು ಕೇಳುವುದಿಲ್ಲ. ಜರ್ಮನಿಯ ಗುಮಾಸ್ತರು ಕೇಳುತ್ತಾರೆ. ಅವರ ಪ್ರತಿ ಅರ್ಜಿಯಲ್ಲೂ ಮನೆತನದ ಹೆಸರಿಗೆ ಒಂದು ಚೌಕ, ಇಟ್ಟ ಹೆಸರಿಗೆ ಇನ್ನೊಂದು ಚೌಕ.

ದಾರಿ ಸುಲಭವಿದೆ. ಪಾಸ್‌ಪೋರ್ಟಿನಲ್ಲಿ ಹೇಗಿದೆಯೋ ಹಾಗೆ, ಅಕ್ಷರಕ್ಕೆ ಅಕ್ಷರ, ಎಲ್ಲ ಕಡೆ ಬರೆಯಿರಿ. ವಿಶ್ವವಿದ್ಯಾಲಯ, ಬ್ಯಾಂಕು, ವಿಮೆ, ವಿಮಾನದ ಟಿಕೆಟ್, ಎಲ್ಲ ಕಡೆ. ಅಂಕಪಟ್ಟಿಗೂ ಪಾಸ್‌ಪೋರ್ಟಿಗೂ ವ್ಯತ್ಯಾಸವಿದ್ದರೆ 'ಇಬ್ಬರೂ ಒಬ್ಬರೇ' ಎಂದು ನೋಟರಿ ಹತ್ತಿರ ಒಂದು ಅಫಿಡವಿಟ್ ಮಾಡಿಸಿ ಜೊತೆಗಿಡಿ. ಪಾಸ್‌ಪೋರ್ಟಿನಲ್ಲೇ ತಪ್ಪಿದ್ದರೆ ತಿದ್ದಿಸಬೇಕು. ಆದರೆ ತಿದ್ದಿಸುವುದಿದ್ದರೆ ಈಗಲೇ. ವೀಸಾ ಅರ್ಜಿ ಹಾಕಿದ ಮೇಲೆ ಪಾಸ್‌ಪೋರ್ಟ್ ಬದಲಾಯಿಸಲು ಹೋದರೆ ಎಲ್ಲವೂ ಮೊದಲಿಂದ ಶುರುವಾಗುತ್ತದೆ.

ಪತ್ರ ಓದಿದ್ದಾಯಿತು. ಹೆಸರು ಸರಿಮಾಡಿದ್ದಾಯಿತು. ಇನ್ನು ಹಣ. ಇದರ ಬಗ್ಗೆ ಸ್ವಲ್ಪ ನಿಧಾನವಾಗಿಯೇ ಮಾತಾಡಬೇಕು. ಮಕ್ಕಳ ಕನಸು ಹೆಚ್ಚಾಗಿ ಮುಗ್ಗರಿಸುವುದು ಇಲ್ಲಿಯೇ.

ಜರ್ಮನಿ ವೀಸಾ ಕೊಡುವ ಮೊದಲು ಒಂದು ವರ್ಷದ ಜೀವನ ಖರ್ಚು ಇದೆ ಎಂದು ತೋರಿಸಬೇಕು. ಈಗಿನ ನಿಯಮದಂತೆ ಅದು ಸುಮಾರು 12 ಸಾವಿರ ಯೂರೋ. ಯೂರೋಗೆ ನೂರು ರೂಪಾಯಿ ಎಂದು ಹಿಡಿದರೆ 12 ಲಕ್ಷ. ಈ ಹಣವನ್ನು 'ಬ್ಲಾಕ್ಡ್ ಅಕೌಂಟ್' ಎಂಬ ಖಾತೆಯಲ್ಲಿ ಇಡಬೇಕು. ಇದು ಶುಲ್ಕವಲ್ಲ, ಯಾರಿಗೂ ಕೊಡುವ ಹಣವೂ ಅಲ್ಲ. ನಿಮ್ಮದೇ ಹಣ. ಆದರೆ ಒಮ್ಮೆಗೇ ತೆಗೆಯುವಂತಿಲ್ಲ. ಅಲ್ಲಿಗೆ ಹೋದ ಮೇಲೆ ತಿಂಗಳಿಗೆ ಸಾವಿರ ಯೂರೋದಷ್ಟು ಮಗುವಿನ ಕೈಗೆ ಬರುತ್ತದೆ. ವೀಸಾ ಸಿಗದಿದ್ದರೆ ನಿರಾಕರಣೆಯ ಪತ್ರ ತೋರಿಸಿ ವಾಪಸು ಪಡೆಯಬಹುದು.

ಈ 12 ಲಕ್ಷ ಎಲ್ಲಿಂದ ಬರಬೇಕು? ಬಹಳ ಮನೆಗಳಲ್ಲಿ ಉತ್ತರ ಒಂದೇ: ಶಿಕ್ಷಣ ಸಾಲ. ಸರ್ಕಾರಿ ಬ್ಯಾಂಕುಗಳು ಸಾಮಾನ್ಯವಾಗಿ ಏಳೂವರೆ ಲಕ್ಷದವರೆಗೆ ಆಸ್ತಿಯ ಆಧಾರ ಕೇಳುವುದಿಲ್ಲ. ಅದಕ್ಕಿಂತ ಹೆಚ್ಚು ಬೇಕಾದರೆ ಮನೆಯನ್ನೋ ನಿವೇಶನವನ್ನೋ ಅಡವಿಡಬೇಕು. ಕೃಷಿ ಭೂಮಿಯನ್ನು ಹೆಚ್ಚಿನ ಬ್ಯಾಂಕುಗಳು ಶಿಕ್ಷಣ ಸಾಲಕ್ಕೆ ಒಪ್ಪುವುದಿಲ್ಲ.

ಒಮ್ಮೆ ಅರಸೀಕೆರೆ ಕಡೆಯ ತೆಂಗಿನ ತೋಟದವರೊಬ್ಬರು ನನ್ನ ಹತ್ತಿರ ಬಂದಿದ್ದರು. ಮಗಳಿಗೆ ಪ್ರವೇಶ ಪತ್ರ ಬಂದಿತ್ತು. ಕೈಯಲ್ಲೊಂದು ಪ್ಲಾಸ್ಟಿಕ್ ಕವರು. ಅದರಲ್ಲಿ ಮನೆಯ ಕಾಗದಗಳೆಲ್ಲ ಇದ್ದವು. ಮಡಿಕೆಯ ಜಾಗದಲ್ಲಿ ಹರಿದು ಟೇಪು ಅಂಟಿಸಿದ ಹಳೆಯ ಕ್ರಯಪತ್ರ, ಕಂದಾಯ ಕಟ್ಟಿದ ರಸೀತಿಗಳು. "ಮೇಡಂ, ಮನೆ ನಮ್ದೇ. ಮೂವತ್ತು ವರ್ಷದಿಂದ ಅಲ್ಲೇ ಇದೀವಿ. ಬ್ಯಾಂಕ್‌ನೋರು ಆಗಲ್ಲ ಅಂತಾರೆ" ಎಂದರು. ನೋಡಿದರೆ ಖಾತೆ ಇನ್ನೂ ತೀರಿಹೋದ ಅವರ ತಂದೆಯ ಹೆಸರಿನಲ್ಲೇ ಇತ್ತು. ಅಣ್ಣತಮ್ಮಂದಿರು ಮೂವರು. ಬಾಯಿಮಾತಿನಲ್ಲಿ ಪಾಲಾಗಿತ್ತು, ಕಾಗದದಲ್ಲಿ ಆಗಿರಲಿಲ್ಲ. ಯಾರಿಗೂ ಜಗಳವಿಲ್ಲ, ಯಾರದೂ ತಕರಾರಿಲ್ಲ. ಆದರೂ ಬ್ಯಾಂಕಿನ ವಕೀಲರಿಗೆ ಅದು ಅವರ ಮನೆ ಅಲ್ಲ.

ಮರಣ ಪ್ರಮಾಣ ಪತ್ರ, ನಾಡಕಚೇರಿಯಿಂದ ವಂಶವೃಕ್ಷ, ಅಣ್ಣತಮ್ಮಂದಿರ ಒಪ್ಪಿಗೆ, ವಿಭಾಗಪತ್ರದ ನೋಂದಣಿ, ಪಂಚಾಯಿತಿಯಲ್ಲಿ ಖಾತೆ ಬದಲಾವಣೆ, ಇ-ಸ್ವತ್ತು. ಇಷ್ಟೂ ಆಗಬೇಕಿತ್ತು. ಅವರು ಓಡಾಡಿದರು. ಅಣ್ಣತಮ್ಮಂದಿರೂ ಕೆಲಸ ಬಿಟ್ಟು ಬಂದು ಸಹಿ ಹಾಕಿದರು. ಕಾಗದ ಕೈಗೆ ಬರುವ ಹೊತ್ತಿಗೆ ಅಕ್ಟೋಬರ್ ದಾಟಿತ್ತು. ಆ ವರ್ಷದ ಸೀಟು ಹೋಯಿತು. ಅಲ್ಲಿನ ಪ್ರವೇಶ ಪತ್ರ ಸಾಮಾನ್ಯವಾಗಿ ಆ ಸೆಮಿಸ್ಟರಿಗೆ ಮಾತ್ರ. ಮುಂದಿನ ವರ್ಷಕ್ಕೆ ತಾನಾಗಿ ಮುಂದುವರಿಯುವುದಿಲ್ಲ, ಮತ್ತೆ ಅರ್ಜಿ ಹಾಕಬೇಕು. ಆ ಹುಡುಗಿ ಮತ್ತೆ ಹಾಕಿದಳು, ಮತ್ತೆ ಸಿಕ್ಕಿತು, ಹೋದಳು. ಆದರೆ ಒಂದು ವರ್ಷ ಕಳೆಯಿತಲ್ಲ, ಅದು ಅವಳ ತಪ್ಪಿನಿಂದ ಅಲ್ಲ.

ಅದಕ್ಕೇ ಹೇಳುತ್ತೇನೆ, ತಂದೆ ತಾಯಂದಿರೇ. ಮಗುವಿನ ಉತ್ತರಕ್ಕಾಗಿ ಕಾಯುವ ಈ ತಿಂಗಳಲ್ಲಿ ನಿಮ್ಮ ಆಸ್ತಿಯ ಕಾಗದ ತೆಗೆದು ನೋಡಿ. ತಾಯಿ ಪತ್ರ ಇದೆಯೇ? ಖಾತೆ ಯಾರ ಹೆಸರಿನಲ್ಲಿದೆ? ಋಣಭಾರ ಪತ್ರ, ಅಂದರೆ ನಾವು ಇಸಿ ಅನ್ನುತ್ತೇವಲ್ಲ, ಅದರಲ್ಲಿ ಹಳೆಯ ಸಾಲ ಏನಾದರೂ ತೀರಿಯೂ ತೀರದ ಹಾಗೆ ಉಳಿದಿದೆಯೇ? ಬೆಂಗಳೂರಿನವರಾದರೆ ಎ ಖಾತೆಯೋ ಬಿ ಖಾತೆಯೋ? ಪ್ರವೇಶ ಪತ್ರ ಬರುವ ಮೊದಲೇ ಬ್ಯಾಂಕಿಗೆ ಹೋಗಿ ಈ ಕಾಗದಗಳನ್ನು ತೋರಿಸಿ, ಸಾಕೇ ಎಂದು ಕೇಳಬಹುದು. ಸಾಲ ಮಂಜೂರಾಗುವುದು ಪತ್ರ ಬಂದ ಮೇಲೆಯೇ. ಆದರೆ ಇದನ್ನು ಕೇಳಲು ಪತ್ರ ಬೇಕಿಲ್ಲ. ವಿದ್ಯಾಲಕ್ಷ್ಮಿ ಎಂಬ ಕೇಂದ್ರದ ಜಾಲತಾಣದಲ್ಲಿ ಒಂದೇ ಕಡೆಯಿಂದ ಹಲವು ಬ್ಯಾಂಕುಗಳಿಗೆ ಅರ್ಜಿ ಹಾಕುವ ಅನುಕೂಲವೂ ಇದೆ.

ಸಾಲಕ್ಕಿಂತ ಮೊದಲು ನೆರವು ಹುಡುಕಿ. ಪರಿಶಿಷ್ಟ ಜಾತಿ, ಪಂಗಡದ ಮಕ್ಕಳಿಗೆ ನಮ್ಮ ಸಮಾಜ ಕಲ್ಯಾಣ ಇಲಾಖೆಯ ಪ್ರಬುದ್ಧ ಯೋಜನೆ ಇದೆ. ಕೇಂದ್ರದಲ್ಲಿ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನ ಇದೆ. ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮ ಹೊರದೇಶದ ಓದಿಗೆ ಸಾಲ ಕೊಡುತ್ತದೆ. ಇವುಗಳ ಅರ್ಜಿಯ ತಾರೀಖು ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ. ತಾಲ್ಲೂಕಿನ ಇಲಾಖಾ ಕಚೇರಿಗೆ ಹೋಗಿ ಕೇಳಿ. ಜಾತಿ ಮತ್ತು ಆದಾಯ ಪ್ರಮಾಣ ಪತ್ರದ ಅವಧಿ ಮುಗಿದಿಲ್ಲ ಎಂದೂ ನೋಡಿಕೊಳ್ಳಿ.

ಸ್ವಂತ ಹಣವನ್ನೇ ಕಳಿಸುವವರಿಗೆ ಒಂದು ಸೂಚನೆ. ವರ್ಷಕ್ಕೆ 10 ಲಕ್ಷಕ್ಕಿಂತ ಹೆಚ್ಚು ಹೊರದೇಶಕ್ಕೆ ಕಳಿಸಿದರೆ, ಮೀರಿದ ಮೊತ್ತದ ಮೇಲೆ ಬ್ಯಾಂಕು ಟಿಸಿಎಸ್ ಎಂಬ ತೆರಿಗೆ ಹಿಡಿಯುತ್ತದೆ. ಬ್ಯಾಂಕಿನ ಶಿಕ್ಷಣ ಸಾಲದಿಂದ ಹೋಗುವ ಹಣಕ್ಕೆ 2025ರ ಏಪ್ರಿಲ್‌ನಿಂದ ಇದು ಇಲ್ಲ. ಹಿಡಿದ ತೆರಿಗೆ ಯಾರ ಪ್ಯಾನ್ ಕಾರ್ಡಿನ ಮೇಲೆ ಹೋಗಿದೆಯೋ ಅವರು ಆದಾಯ ತೆರಿಗೆ ವಿವರ ಸಲ್ಲಿಸಿದರೆ ವಾಪಸು ಬರುತ್ತದೆ. ರೈತರು 'ನಮಗೇಕೆ ತೆರಿಗೆ ವಿವರ' ಎಂದು ಬಿಟ್ಟುಬಿಡುತ್ತಾರೆ. ಬಿಡಬೇಡಿ. ಅದು ನಿಮ್ಮ ಹಣ.

ಮತ್ತೊಂದು ಮಾತು. 'ಅಲ್ಲಿ ಹೋಗಿ ದುಡಿದು ಸಾಲ ತೀರಿಸುತ್ತೇನೆ' ಎಂದು ಮಕ್ಕಳು ಧೈರ್ಯ ಹೇಳುತ್ತಾರೆ. ವಿದ್ಯಾರ್ಥಿಗಳು ವರ್ಷಕ್ಕೆ 140 ಪೂರ್ಣ ದಿನ, ಇಲ್ಲವೇ 280 ಅರ್ಧ ದಿನ ಕೆಲಸ ಮಾಡಬಹುದು ಎಂದು ಅಲ್ಲಿ ಕಾನೂನಿದೆ. ಆದರೆ ಹೋದ ಮೊದಲ ತಿಂಗಳೇ ಕೆಲಸ ಸಿಗುತ್ತದೆ ಎಂದು ಯಾರೂ ಭರವಸೆ ಕೊಡಲಾರರು. ಜರ್ಮನ್ ಬಾರದವರಿಗೆ ಇನ್ನೂ ಕಷ್ಟ. ಓದುವಾಗಿನ ದುಡಿಮೆಯನ್ನು ಲೆಕ್ಕಕ್ಕೆ ಹಿಡಿಯದೆಯೇ ಎರಡು ವರ್ಷ ತೂಗುತ್ತದೆಯೇ ಎಂದು ನೋಡಿ. ತೂಗದಿದ್ದರೆ ಒಂದು ವರ್ಷ ಇಲ್ಲೇ ಕೆಲಸ ಮಾಡಿ, ಉಳಿಸಿ, ಮುಂದಿನ ವರ್ಷ ಹೋಗಲಿ. ಅದರಲ್ಲಿ ಅವಮಾನ ಏನೂ ಇಲ್ಲ.

ಹಣದ ಮಾತು ದೀರ್ಘವಾಯಿತು. ಬ್ಲಾಕ್ಡ್ ಅಕೌಂಟ್, ಆಸ್ತಿಯ ಕಾಗದ, ನೆರವು, ತೆರಿಗೆ. ಇದೆಲ್ಲ ಇದ್ದ ಮೇಲೆ ವೀಸಾ.

ವೀಸಾಕ್ಕೆ ಭಾರತೀಯರು ಎಪಿಎಸ್ ಎಂಬ ಪ್ರಮಾಣ ಪತ್ರ ತರಬೇಕು. 2022ರ ನವೆಂಬರಿನಿಂದ ಇದು ಕಡ್ಡಾಯ. ನಮ್ಮ ಅಂಕಪಟ್ಟಿ, ಪದವಿಗಳು ನಿಜವಾದವು ಎಂದು ಪರಿಶೀಲಿಸಿ ದೆಹಲಿಯಿಂದ ಕೊಡುತ್ತಾರೆ. ಶುಲ್ಕ 18 ಸಾವಿರ ರೂಪಾಯಿ. ಈಗ ಹಲವು ವಿಶ್ವವಿದ್ಯಾಲಯಗಳು ಅರ್ಜಿಯ ಜೊತೆಗೇ ಇದನ್ನು ಕೇಳುತ್ತವೆ. ನಿಮ್ಮಲ್ಲಿ ಯಾರಾದರೂ ಇನ್ನೂ ಮಾಡಿಸದೆ ಉಳಿದಿದ್ದರೆ ಬೇರೆಲ್ಲವನ್ನೂ ಬದಿಗಿಟ್ಟು ಇದನ್ನು ಹಿಡಿಯಿರಿ. ಇದು ವಾರದಲ್ಲಿ ಆಗುವ ಕೆಲಸವಲ್ಲ.

ವೀಸಾ ಅರ್ಜಿಯನ್ನು ಈಗ ಜರ್ಮನಿಯ ವಿದೇಶಾಂಗ ಇಲಾಖೆಯ ಜಾಲತಾಣದಲ್ಲೇ ತುಂಬಬಹುದು. ಆಮೇಲೆ ಕಾಗದ ತೋರಿಸಲು, ಬೆರಳಚ್ಚು ಕೊಡಲು ಕರೆಯುತ್ತಾರೆ. ಶುಲ್ಕ 75 ಯೂರೋ. ಉತ್ತರಕ್ಕೆ ಕೆಲವು ವಾರವೂ ಆಗಬಹುದು, ಮೂರು ತಿಂಗಳೂ ಆಗಬಹುದು. ಹಾಗಾಗಿ ಜೂನ್‌ನಲ್ಲಿ ಪತ್ರ ಬಂದರೆ ಜೂನ್‌ನಲ್ಲೇ ವೀಸಾ ಅರ್ಜಿಗೆ ಕೈ ಹಾಕಬೇಕು. ಪತ್ರ, ಎಪಿಎಸ್, ಬ್ಲಾಕ್ಡ್ ಅಕೌಂಟಿನ ದೃಢೀಕರಣ, ಆರೋಗ್ಯ ವಿಮೆ, ಭಾಷಾ ಪರೀಕ್ಷೆಯ ಅಂಕ. ಇವು ಒಂದಕ್ಕೊಂದು ತಾಳೆಯಾಗಬೇಕು.

ಇದರ ಜೊತೆ ಮಗು ಒಂದು ಪತ್ರ ಬರೆಯಬೇಕು. ಈ ಕೋರ್ಸು ಯಾಕೆ, ಈ ವಿಶ್ವವಿದ್ಯಾಲಯ ಯಾಕೆ, ಮುಗಿದ ಮೇಲೆ ಏನು. ದಯವಿಟ್ಟು ಇದನ್ನು ಬೇರೆಯವರಿಂದ ಬರೆಸಬೇಡಿ. ನೂರು ಜನರಿಗೆ ಒಂದೇ ಪತ್ರ ಬರೆದು ಮಾರುವವರಿದ್ದಾರೆ. ಓದುವ ಅಧಿಕಾರಿಗೆ ಎರಡನೇ ಸಾಲಿಗೇ ಗೊತ್ತಾಗುತ್ತದೆ. ಇಂಗ್ಲಿಷ್ ಸರಳವಾಗಿದ್ದರೂ ಪರವಾಗಿಲ್ಲ, ಕೊನೆಯ ವರ್ಷ ತಾನೇ ಮಾಡಿದ ಪ್ರಾಜೆಕ್ಟ್ ಬಗ್ಗೆ ನಾಲ್ಕು ಸಾಲು ನಿಜ ಬರೆದರೆ ಅದಕ್ಕೆ ಬೆಲೆ ಇದೆ.

ವೀಸಾ ನಿರಾಕರಿಸಿದರೆ ಮೊದಲು ಪುನರ್ ಪರಿಶೀಲನೆಗೆ ಬರೆದುಕೊಳ್ಳಬಹುದಿತ್ತು. 2025ರ ಜುಲೈನಿಂದ ಆ ದಾರಿ ಮುಚ್ಚಿದೆ. ಈಗ ಹೊಸ ಅರ್ಜಿ ಹಾಕಬೇಕು, ಇಲ್ಲವೇ ಬರ್ಲಿನ್‌ನ ಕೋರ್ಟಿಗೆ ಹೋಗಬೇಕು. ನಮ್ಮಂಥವರಿಗೆ ಕೋರ್ಟು ದೂರದ ಮಾತು. ಮೊದಲ ಅರ್ಜಿಯೇ ಸರಿಯಾಗಿರಬೇಕು ಎಂದು ಇಷ್ಟು ಒತ್ತಿ ಹೇಳುತ್ತಿರುವುದು ಇದಕ್ಕೇ.

ವೀಸಾಕ್ಕೆ ಹಾಕಿ ಕಾಯುವ ವಾರಗಳಲ್ಲಿ ಎರಡು ಕೆಲಸ ಮಾಡಿ. ಒಂದು, ಜರ್ಮನ್ ಕಲಿಯಿರಿ. ಕೋರ್ಸು ಇಂಗ್ಲಿಷಿನಲ್ಲಿದ್ದರೂ ಅಂಗಡಿ, ಆಸ್ಪತ್ರೆ, ನಗರದ ಕಚೇರಿ ಜರ್ಮನ್ ಮಾತಾಡುತ್ತವೆ. ಬೆಂಗಳೂರಿನ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಕಲಿಸುತ್ತಾರೆ, ಮನೆಯಲ್ಲೇ ಕೂತು ಆನ್‌ಲೈನಿನಲ್ಲೂ ಕಲಿಯಬಹುದು.

ಎರಡನೆಯದು ವಸತಿ. ಪ್ರತಿ ವಿಶ್ವವಿದ್ಯಾಲಯದ ಊರಿನಲ್ಲೂ ವಿದ್ಯಾರ್ಥಿ ಸೇವಾ ಸಂಸ್ಥೆಯ ಹಾಸ್ಟೆಲುಗಳಿರುತ್ತವೆ. ಅಗ್ಗ, ಹಾಗಾಗಿ ಸಾಲು ಉದ್ದ. ಪ್ರವೇಶ ಪತ್ರ ಬಂದ ದಿನವೇ ಹೆಸರು ಬರೆಸಿ. ಮ್ಯೂನಿಕ್‌ನಲ್ಲಿ ಒಂದು ಕೋಣೆಯ ಬಾಡಿಗೆ 700 ಯೂರೋ ದಾಟುವುದು ಸಾಮಾನ್ಯ. ಪೂರ್ವದ ಕೆಮ್ನಿಟ್ಸ್‌ನಂಥ ಊರಿನಲ್ಲಿ ಅದರ ಅರ್ಧಕ್ಕೂ ಸಿಗುತ್ತದೆ. ಎರಡು ಕಡೆ ಸೀಟು ಸಿಕ್ಕಿದರೆ ಆಯ್ಕೆ ಮಾಡುವಾಗ ಇದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ವಸತಿಯ ಹೆಸರಿನಲ್ಲಿ ಮೋಸವೂ ನಡೆಯುತ್ತದೆ. ಅದರ ಕತೆ ಯಾವಾಗಲೂ ಒಂದೇ. ಮನೆಯ ಫೋಟೋ ಬಹಳ ಚೆನ್ನಾಗಿರುತ್ತದೆ. ಬಾಡಿಗೆ ಆಶ್ಚರ್ಯವಾಗುವಷ್ಟು ಕಡಿಮೆ. ಮಾಲೀಕರು 'ನಾನು ಈಗ ಬೇರೆ ದೇಶದಲ್ಲಿದ್ದೇನೆ, ಮುಂಗಡ ಕಳಿಸಿ, ಬೀಗದ ಕೈ ಅಂಚೆಯಲ್ಲಿ ಬರುತ್ತದೆ' ಎಂದು ಬರೆಯುತ್ತಾರೆ. ಬೀಗದ ಕೈ ಬರುವುದಿಲ್ಲ. ಮನೆ ನೋಡದೆ, ಇಲ್ಲವೇ ಅಲ್ಲಿರುವ ನಂಬಿಕೆಯವರೊಬ್ಬರು ಹೋಗಿ ನೋಡದೆ, ಹಣ ಕಳಿಸಬೇಡಿ. ನಿಮ್ಮ ಕಾಲೇಜಿನಿಂದ ಹಿಂದೆ ಅಲ್ಲಿಗೆ ಹೋದವರು ಒಬ್ಬರಾದರೂ ಇರುತ್ತಾರೆ. ಸಂಕೋಚ ಬಿಟ್ಟು ಕೇಳಿ. ದೂರದ ಊರಿನಲ್ಲಿ ಕನ್ನಡದಲ್ಲಿ ಫೋನ್ ಬಂದರೆ ಸಹಾಯ ಮಾಡದವರು ಕಡಿಮೆ.

ಪತ್ರ, ಹೆಸರು, ಹಣ, ವೀಸಾ, ವಸತಿ. ಇಷ್ಟಾದ ಮೇಲೆ ಹೊರಡುವುದು. ಸಾಮಾನು ಕಟ್ಟುವುದನ್ನು ಅಮ್ಮಂದಿರಿಗೆ ನಾನು ಹೇಳಿಕೊಡಬೇಕಾಗಿಲ್ಲ. ಎರಡು ಮಾತು ಮಾತ್ರ. ಮೂಲ ಅಂಕಪಟ್ಟಿಗಳನ್ನು ಚೆಕ್-ಇನ್ ಸೂಟ್‌ಕೇಸಿನಲ್ಲಿ ಹಾಕಬೇಡಿ, ಕೈಚೀಲದಲ್ಲೇ ಇರಲಿ. ಎಲ್ಲದರ ಒಂದೊಂದು ಪ್ರತಿ ಮನೆಯಲ್ಲೂ ಇರಲಿ.

ಕೊನೆಯದಾಗಿ, ಅಲ್ಲಿ ಇಳಿದ ಮೊದಲ ಎರಡು ವಾರ. ಅಲ್ಲಿಯೂ ಕ್ರಮ ಮುಖ್ಯ. ಮೊದಲು ವಿಳಾಸ ನೋಂದಣಿ. ಮನೆ ಸೇರಿದ ಎರಡು ವಾರದೊಳಗೆ ನಗರದ ಕಚೇರಿಯಲ್ಲಿ 'ನಾನು ಇಲ್ಲಿ ವಾಸವಾಗಿದ್ದೇನೆ' ಎಂದು ಬರೆಸಬೇಕು. ಅದಕ್ಕೆ ಮನೆ ಮಾಲೀಕರು ಸಹಿ ಮಾಡಿದ ಒಂದು ಹಾಳೆ ಬೇಕು. ಗೆಳೆಯರ ಕೋಣೆಯಲ್ಲಿ ಹಾಸಿಗೆ ಹಾಸಿಕೊಂಡವರಿಗೆ, ಹೋಟೆಲಿನಲ್ಲಿ ಉಳಿದ ಕೆಲವರಿಗೆ ಆ ಹಾಳೆ ಸಿಗುವುದಿಲ್ಲ. ವಸತಿಯ ಬಗ್ಗೆ ಮೊದಲೇ ಅಷ್ಟು ಹೇಳಿದ್ದು ಈ ಕಾರಣಕ್ಕೂ ಹೌದು. ಆ ನೋಂದಣಿಯಾದರೆ ಬ್ಯಾಂಕ್ ಖಾತೆ ಸಲೀಸು. ಬ್ಯಾಂಕ್ ಖಾತೆಯಾದರೆ ಬ್ಲಾಕ್ಡ್ ಅಕೌಂಟಿನ ಹಣ ತಿಂಗಳು ತಿಂಗಳು ಬರಲು ಶುರುವಾಗುತ್ತದೆ. ಮೊದಲ ಕಂತು ಬರುವ ತನಕದ ಖರ್ಚಿಗೆ, ಬಾಡಿಗೆಯ ಮುಂಗಡಕ್ಕೆ ಬೇರೆಯಾಗಿ ಹಣ ಕೊಟ್ಟು ಕಳಿಸಿ. ಮುಂಗಡ ಮೂರು ತಿಂಗಳ ಬಾಡಿಗೆಯಷ್ಟೂ ಇರಬಹುದು.

ವಿಶ್ವವಿದ್ಯಾಲಯದಲ್ಲಿ ಹೆಸರು ನೋಂದಾಯಿಸಲು ಅಲ್ಲಿನ ಆರೋಗ್ಯ ವಿಮೆ ಬೇಕು. 30 ವರ್ಷದೊಳಗಿನ ವಿದ್ಯಾರ್ಥಿಗಳಿಗೆ ತಿಂಗಳಿಗೆ 140 ಯೂರೋ ಆಸುಪಾಸು. ಇಲ್ಲಿಂದ ಮಾಡಿಸಿಕೊಂಡು ಹೋದ ಪ್ರಯಾಣ ವಿಮೆ ಅದಕ್ಕೆ ಸಾಲುವುದಿಲ್ಲ.

ಪಾಸ್‌ಪೋರ್ಟಿನಲ್ಲಿರುವ ವೀಸಾ ಹಲವರಿಗೆ ಕೆಲವೇ ತಿಂಗಳಿನದು. ಅದು ಮುಗಿಯುವ ಮೊದಲು ವಿದೇಶಿಯರ ಕಚೇರಿಯಲ್ಲಿ ವಾಸದ ಪರವಾನಗಿಗೆ ಅರ್ಜಿ ಹಾಕಬೇಕು. ದೊಡ್ಡ ಊರುಗಳಲ್ಲಿ ಆ ಕಚೇರಿಯ ಭೇಟಿಯ ಸಮಯ ಸಿಗುವುದೇ ತಡ. ಆದ್ದರಿಂದ ವಿಳಾಸ ನೋಂದಣಿ ಆದ ವಾರವೇ ಅಲ್ಲಿಗೆ ಬರೆದು, ಬರೆದದ್ದಕ್ಕೆ ಪುರಾವೆ ಇಟ್ಟುಕೊಳ್ಳಲಿ. ವೀಸಾದ ಅವಧಿಯೊಳಗೆ ಅರ್ಜಿ ಸೇರಿದ್ದರೆ ಉತ್ತರ ಬರುವ ತನಕ ಅಲ್ಲಿರುವುದಕ್ಕೆ ತೊಂದರೆ ಇಲ್ಲ. ಈ ಮಾತನ್ನು ಹೊರಡುವ ಮಗುವಿನ ಹತ್ತಿರ ಒಂದು ಚೀಟಿಯಲ್ಲಿ ಬರೆಸಿಟ್ಟು ಕಳಿಸಿ.